"ಆರಾಮ ಅದೀನ್ರಿ" ಅಂದರು, ನಾನು ಸೊನ್ನೆ ಬರೆದೆ

ವಿಜಯಪುರದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ. ಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನ. ನಾನು ಉಡುಪಿ ಕಡೆಯವಳು, ನರ್ಸಿಂಗ್ ಮುಗಿಸಿ ಮುಂಬೈಗೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ವಾರ್ಡಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಕನ್ನಡದ ರೋಗಿ ಯಾರೇ ಬಂದರೂ ನನ್ನನ್ನೇ ಕಳಿಸುತ್ತಿದ್ದರು.

"ಅಜ್ಜಿ, ನೋವಿದೆಯಾ?" ಅಂದೆ. "ಆರಾಮ ಅದೀನ್ರಿ ಯವ್ವಾ" ಅಂದರು. ಚಾರ್ಟಿನಲ್ಲಿ ಸೊನ್ನೆ ಬರೆದೆ. ಆ ಡ್ಯೂಟಿಯಲ್ಲಿ ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಮಾತು, ಅದೇ ಸೊನ್ನೆ.

ಮಾರನೇ ದಿನ ಜ್ವರ ಬಂತು, ಏದುಸಿರು ಶುರುವಾಯಿತು. ನ್ಯುಮೋನಿಯಾ. ಹೊಲಿಗೆ ಎಳೆಯುತ್ತದೆ ಅಂತ ಅಜ್ಜಿ ಉದ್ದ ಉಸಿರು ತೆಗೆದುಕೊಂಡಿರಲಿಲ್ಲ, ಕೆಮ್ಮಿರಲಿಲ್ಲ, ಮಗ್ಗುಲು ಬದಲಿಸಿರಲಿಲ್ಲ. ಕಫ ಒಳಗೇ ಕಟ್ಟಿಕೊಂಡಿತ್ತು. ಸೊಸೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ರಾತ್ರಿ ಪೂರ್ತಿ ಹಲ್ಲು ಕಚ್ಚಿ ಹಿಡಿದಿದ್ರು ಅಕ್ಕಾರ. ನಿಮಗ ಹೇಳಬ್ಯಾಡ ಅಂದ್ರು. ಸಣ್ಣ ಹುಡುಗಿ ಪಾಪ, ಎಷ್ಟು ಸಲ ಓಡ್ಯಾಡಬೇಕು ಅಂತ."

ಅಜ್ಜಿ ಚೇತರಿಸಿಕೊಂಡರು. ಊರಿಗೆ ಹೊರಡುವಾಗ ನನ್ನ ಕೆನ್ನೆ ಸವರಿ ಲಟಿಕೆ ಮುರಿದರು. ನನಗೆ ತಲೆ ಎತ್ತಿ ಅವರನ್ನು ನೋಡಲು ಆಗಲಿಲ್ಲ. ಆರಾಮ ಅದೀನಿ ಅನ್ನುವುದು ಆ ಕಡೆ ಯಾರು ವಿಚಾರಿಸಿದರೂ ಕೊಡುವ ಉತ್ತರ. ಸಂತೆಯಲ್ಲಿ ಸಿಕ್ಕವರು ಕೇಳಿದರೂ ಅದೇ, ಬೀಗರು ಕೇಳಿದರೂ ಅದೇ. ನಮಸ್ಕಾರಕ್ಕೆ ನಮಸ್ಕಾರ ಅನ್ನುವ ಹಾಗೆ. ನಾನು ಅದನ್ನು ನೋವಿನ ಲೆಕ್ಕ ಅಂದುಕೊಂಡೆ.

ಈಗ ಮುಂಬೈಯಲ್ಲೇ, ಬೇರೆ ಆಸ್ಪತ್ರೆಯಲ್ಲಿ, ನೋವಿನ ಉಪಚಾರದ ತರಬೇತಿ ಕೊಡುವುದು ನನ್ನ ಕೆಲಸ. ಹೊಸದಾಗಿ ಸೇರಿದ ನರ್ಸ್‌ಗಳು, ರೆಸಿಡೆಂಟ್ ಡಾಕ್ಟರ್‌ಗಳು, ಫಿಸಿಯೋಥೆರಪಿಯವರು ಬರುತ್ತಾರೆ. ಅರ್ಧ ದಿನದ ತರಗತಿ. ಮೊದಲೆರಡು ವರ್ಷ ನಾನು ಅದನ್ನು ತಪ್ಪಾಗಿ ಮಾಡಿದೆ. ಪಾಠ ತಪ್ಪಾಗಿರಲಿಲ್ಲ, ಶುರು ಮಾಡಿದ ಜಾಗ ತಪ್ಪಾಗಿತ್ತು. ಔಷಧಿಯಿಂದ ಶುರು ಮಾಡುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಕೊಟ್ಟ ಮೂರು ಮೆಟ್ಟಿಲ ಏಣಿ: ಕೆಳಗಿನ ಮೆಟ್ಟಿಲಲ್ಲಿ ಪ್ಯಾರಾಸಿಟಮಾಲ್ ಥರದ್ದು, ನಡುವೆ ಟ್ರಮಡಾಲ್, ಕೊಡೀನ್ ಥರದ್ದು, ಮೇಲೆ ಮಾರ್ಫಿನ್. ಬಾಯಿಯ ಮೂಲಕ ಕೊಡಿ, ಹೊತ್ತಿಗೆ ಸರಿಯಾಗಿ ಕೊಡಿ, ಆಯಾ ರೋಗಿಗೆ ತಕ್ಕಂತೆ ಕೊಡಿ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಕೊನೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುತ್ತಿತ್ತು.

ಒಂದು ದಿನ ಅದೇ ಬ್ಯಾಚಿನವರ ವಾರ್ಡಿಗೆ ಹೋಗಿ ಹಳೆಯ ಚಾರ್ಟ್‌ಗಳನ್ನು ತೆಗೆದು ಕೂತೆ. ನೋವಿನ ಕಾಲಮ್ಮಿನಲ್ಲಿ ರಾತ್ರಿಯಿಡೀ 2, 2, 2, 2. ಒಂದೇ ಕೈಬರಹ, ಒಂದೇ ಶಾಯಿ, ಒಂದೇ ಗೆರೆಯಲ್ಲಿ. ಬೆಳಗಿನ ಜಾವ ಎಲ್ಲವನ್ನೂ ಒಟ್ಟಿಗೆ ತುಂಬಿದ್ದು ಗೊತ್ತಾಗುತ್ತದೆ. ಇಂಜೆಕ್ಷನ್ ಕೊಟ್ಟ ಹೊತ್ತು ಇದೆ, ಕೊಟ್ಟ ಮೇಲೆ ಹೋಗಿ ಕೇಳಿದ ಗುರುತಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಕೈಯಲ್ಲಿ ಎಷ್ಟು ಹಾಸಿಗೆ ಇರುತ್ತವೆ ಅಂತ ನನಗೆ ಗೊತ್ತಿಲ್ವಾ? ಅಜ್ಜಿಯ ಚಾರ್ಟಿನಲ್ಲಿ ನಾನು ಬರೆದ ಸೊನ್ನೆಗಳೂ ಹೀಗೇ ಸಾಲಾಗಿದ್ದವು.

ಅವತ್ತಿನಿಂದ ಔಷಧಿಯ ಸ್ಲೈಡುಗಳನ್ನು ಹಿಂದಕ್ಕೆ ಹಾಕಿದೆ. ತರಗತಿಯ ಮೊದಲ ಒಂದು ಗಂಟೆ ಕೇಳುವುದನ್ನಷ್ಟೇ ಕಲಿಯುತ್ತೇವೆ.

ಅಮೆರಿಕದ ನರ್ಸ್ ಮಾರ್ಗೊ ಮೆಕ್ಯಾಫ್ರಿ 1968ರಲ್ಲಿ ಒಂದು ಮಾತು ಬರೆದರು. ರೋಗಿ ಯಾವುದನ್ನು ನೋವು ಅನ್ನುತ್ತಾರೋ ಅದೇ ನೋವು, ಇದೆ ಅಂದಾಗ ಇದೆ. ನರ್ಸಿಂಗ್ ಓದಿದವರಿಗೆಲ್ಲ ಇದು ಗೊತ್ತಿರುತ್ತದೆ. ನನಗೆ ಬಹಳ ಇಷ್ಟವಾದ ಮಾತು. ಆದರೆ ನಮ್ಮ ವಾರ್ಡುಗಳಲ್ಲಿ ತೊಂದರೆ ಇನ್ನೊಂದು ಕಡೆಯಿಂದ ಬರುತ್ತದೆ. ನಮ್ಮವರು ಇದೆ ಅನ್ನುವುದೇ ಇಲ್ಲ. ಜಾಸ್ತಿ ಹೇಳಿದರೆ ಕ್ಯಾನ್ಸರಿನ ಕಿಮೋ ಚಿಕಿತ್ಸೆ ನಿಲ್ಲಿಸುತ್ತಾರೇನೋ ಅನ್ನುವ ಭಯ. ಮಗ ಇನ್ನೂ ದುಡ್ಡು ಖರ್ಚು ಮಾಡಬೇಕಾಗುತ್ತದೆ ಅನ್ನುವ ಸಂಕಟ. ಡಾಕ್ಟರರ ಮುಂದೆ ಗೋಳು ಹೇಳಬಾರದು ಅನ್ನುವ ಮರ್ಯಾದೆ. ಹೆರಿಗೆ ನೋವು ತಿಂದವಳಿಗೆ ಇದೇನು ದೊಡ್ಡದು ಅಂತ ತಮಗೆ ತಾವೇ ಹೇಳಿಕೊಳ್ಳುವ ಹೆಂಗಸರು. ಇಂಥವರ ಮಾತನ್ನು ನಂಬಿದರೆ ಸಾಲದು, ಮಾತಿನ ಹಿಂದೆ ಹೋಗಬೇಕು.

ಹಾಗಾಗಿ ಮೊದಲು ಹೇಳಿಕೊಡುವುದು ಇದು. ಮಲಗಿದ ರೋಗಿಯನ್ನು ನೋವಿದೆಯಾ ಅಂತ ಕೇಳಿ ಸುಮ್ನೆ ಮುಂದೆ ಹೋಗಬೇಡಿ. ಅಲುಗದೆ ಮಲಗಿದ್ದರೆ ನೋವು ಕಡಿಮೆಯೇ ಇರುತ್ತದೆ, ಅದಕ್ಕೇ ಅಲ್ವಾ ಅವರು ಅಲುಗದೆ ಇರುವುದು! ಒಂದು ಸಲ ಕೆಮ್ಮಲು ಹೇಳಿ. ಮಗ್ಗುಲಾಗಲು ಹೇಳಿ. ಹೊಟ್ಟೆಯ ಮೇಲೆ ದಿಂಬು ಒತ್ತಿ ಹಿಡಿದು ಉದ್ದ ಉಸಿರು ತೆಗೆದುಕೊಳ್ಳಲು ಹೇಳಿ. ಆಗ ಮುಖ ನೋಡಿ, ಆಗ ಕೇಳಿ. ಚಾರ್ಟಿನಲ್ಲಿ ಎರಡು ಅಂಕಿ ಬರೆಯಿರಿ, ಮಲಗಿದಾಗ ಎಷ್ಟು, ಅಲುಗಿದಾಗ ಎಷ್ಟು.

ಆಮೇಲೆ ಅಂಕಿಯ ಕಷ್ಟ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂತ ಕೇಳಿದರೆ ಓದಿದವರು ಹೇಳುತ್ತಾರೆ. ಹೊಲದಲ್ಲಿ ದುಡಿದು ಬಂದ ಹಿರಿಯರು ಪರೀಕ್ಷೆಗೆ ಕೂರಿಸಿದ ಹಾಗೆ ನಮ್ಮನ್ನೇ ನೋಡುತ್ತಾರೆ. ಕಲಬುರಗಿಯ ಒಬ್ಬ ತಾತ ನನಗೆ ದಾರಿ ತೋರಿಸಿದರು. ಎಷ್ಟು ಕಡಿಮೆಯಾಯಿತು ಅಂದೆ. "ಹನ್ನೆರಡಾಣೆ ಕಡಿಮಿ ಆಗೇದ, ನಾಲ್ಕಾಣೆ ಉಳದದ" ಅಂದರು. ಎಷ್ಟು ಸ್ಪಷ್ಟ! ಹದಿನಾರಾಣೆ ಅಂದರೆ ತಡೆಯಲಾರದ ನೋವು, ಎಂಟಾಣೆ ಅಂದರೆ ಅರ್ಧ. ಮರಾಠಿ ಹಿರಿಯರಿಗೂ ಆಣೆಯ ಲೆಕ್ಕ ಬಾಯಲ್ಲೇ ಇದೆ. ಈಗ ನಮ್ಮ ವಾರ್ಡಿನ ಕೇರಳದ ಹುಡುಗಿಯರು, ಮಿಜೋರಾಂನ ಹುಡುಗಿಯರು ಕೂಡ "ಕಿತನಾ ಆನಾ?" ಅಂತ ಕೇಳುತ್ತಾರೆ.

ನನಗೆ ಇಡೀ ತರಬೇತಿಯಲ್ಲಿ ಅತಿ ಪ್ರೀತಿಯ ಭಾಗ ನೋವಿನ ಮಾತುಗಳದ್ದು. ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದೇನೆ. ರೋಗಿಗಳು ತಮ್ಮ ನೋವಿಗೆ ಹೇಳಿದ ಹೆಸರುಗಳನ್ನು ಅದರಲ್ಲಿ ಬರೆದುಕೊಳ್ಳುತ್ತಾ ಬಂದೆ. ಹೊಟ್ಟೆ ಕಡಿತ, ಹೊಟ್ಟೆ ನುಲಿತ, ತಲೆ ಸಿಡಿತ, ಸೆಳೆತ, ಉರಿ, ಜೋಮು. "ಚಳಕ್ ಹೊಡೀತೈತ್ರಿ." "ಕಾಲು ಹರಿತಾವ್ರಿ." ಹರಿತಾವ್ರಿ ಅಂದಾಗ ಮೊದಲ ಸಲ ನಾನು ಗಾಯ ಹರಿದಿದೆಯೇನೋ ಅಂತ ಬಟ್ಟೆ ಸರಿಸಿ ಹುಡುಕಿದ್ದೆ. ಅವರು ಹೇಳಿದ್ದು ಸೆಳೆದು ಸೆಳೆದು ನೋಯುವ ಕಾಲುಗಳ ಬಗ್ಗೆ. ಮರಾಠಿಯವರು ಠಣಕಾ ಅನ್ನುತ್ತಾರೆ, ಕಳ್ ಅನ್ನುತ್ತಾರೆ, ಮುಂಗ್ಯಾ ಬರುತ್ತವೆ ಅನ್ನುತ್ತಾರೆ. ಮುಂಗ್ಯಾ ಅಂದರೆ ಇರುವೆಗಳು. ನಮ್ಮವರೂ ಇರುವೆ ಹರಿದ ಹಾಗೆ ಅನ್ನುತ್ತಾರಲ್ಲ, ಅದೇ.

ಇದು ಬರೀ ಭಾಷೆಯ ಖುಷಿಗಲ್ಲ. ಈ ಮಾತುಗಳ ಮೇಲೆ ಔಷಧಿ ನಿಂತಿದೆ. ಗಾಯದ ನೋವು, ಮೂಳೆಯ ನೋವು ಒಂದು ಥರ. ನರಕ್ಕೇ ಪೆಟ್ಟಾಗಿ ಬರುವ ನೋವು ಇನ್ನೊಂದು ಥರ. ಉರಿ, ಜೋಮು, ಕರೆಂಟ್ ಹೊಡೆದ ಹಾಗೆ, ಇರುವೆ ಹರಿದ ಹಾಗೆ ಅಂದರೆ ನರದ ನೋವೇನೋ ಅಂತ ಯೋಚಿಸಬೇಕು. ಕೆಲವು ಕಿಮೋ ಔಷಧಿಗಳಿಂದ ಅಂಗಾಲು, ಬೆರಳು ಹೀಗಾಗುತ್ತವೆ. ಸಕ್ಕರೆ ಕಾಯಿಲೆಯವರಿಗೂ ಆಗುತ್ತದೆ. ಇದಕ್ಕೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬೇಕಾಗುತ್ತವೆ. ಸಿಸ್ಟರ್ ಬರೀ "ಪೇನ್ 6" ಅಂತ ಬರೆದರೆ ಡಾಕ್ಟರ್ ಅದೇ ಹಳೆಯ ಇಂಜೆಕ್ಷನ್ ಬರೆಯುತ್ತಾರೆ. "6, ಇರುವೆ ಹರಿದ ಹಾಗೆ" ಅಂತ ಬರೆದರೆ ಅವರ ಪೆನ್ನು ನಿಲ್ಲುತ್ತದೆ.

ಇಲ್ಲೇ ಇನ್ನೊಂದು ಮಾತು. ಈ ಮಾತ್ರೆಗಳಲ್ಲಿ ಮೊದಲನೆಯದು ಖಿನ್ನತೆಗೆ, ಉಳಿದೆರಡು ಫಿಟ್ಸ್‌ಗೂ ಬಳಕೆಯಾಗುತ್ತವೆ. ಮೆಡಿಕಲ್ ಸ್ಟೋರಿನವರು ಹಾಗಂತ ಹೇಳಿದರೆ ಮನೆಯವರು ಹೆದರಿ ಮಾತ್ರೆ ಬಿಡಿಸಿಬಿಡುತ್ತಾರೆ. ಅದಕ್ಕೆ ಮೊದಲೇ ನಾವು ಹೇಳಿ ಕಳಿಸಬೇಕು.

ಮಾತೇ ಆಡಲಾರದವರು ಇದ್ದಾರೆ. ಮರೆವಿನ ಕಾಯಿಲೆಯವರು, ಮಂಪರಿನಲ್ಲಿ ಇರುವವರು. ಅವರಿಗಾಗಿ ಉಸಿರು, ನರಳುವ ದನಿ, ಮುಖ, ಮೈಯ ಬಿಗಿತ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ ಅನ್ನುವ ಐದು ವಿಷಯ ನೋಡಿ ಅಂಕ ಕೊಡುವ ಪದ್ಧತಿ ಇದೆ. ಅದನ್ನು ಹೇಳಿಕೊಡುತ್ತಿದ್ದಾಗ ಬಾಗಿಲ ಹತ್ತಿರ ನಿಂತಿದ್ದ ನಮ್ಮ ಮಾವ್ಶಿ ಮಾತಾಡಿದರು. ಮುಂಬೈ ಆಸ್ಪತ್ರೆಗಳಲ್ಲಿ ಆಯಾಗಳನ್ನು ಎಲ್ಲರೂ ಮಾವ್ಶಿ ಅಂತಲೇ ಕರೆಯುವುದು. "ಹನ್ನೊಂದನೇ ಬೆಡ್ಡಿನ ಬಾಬಾ ನಾನು ಚಾದರ ಬದಲಿಸುವಾಗ ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ, ಎಡಕ್ಕೆ ತಿರುಗಿಸಿದಾಗ ಮಾತ್ರ" ಅಂತ ಮರಾಠಿಯಲ್ಲಿ ಹೇಳಿದರು. ಚಾರ್ಟಿನಲ್ಲಿ ಆ ಬಾಬಾಗೆ ನೋವೇ ಇರಲಿಲ್ಲ. ನೋಡಿದರೆ ಎಡಗಡೆ ಸೊಂಟದಲ್ಲಿ ಗೆಡ್ಡೆ ಮೂಳೆಗೆ ಹರಡಿತ್ತು. ರೋಗಿಯ ಮೈಯನ್ನು ದಿನಕ್ಕೆ ನಾಲ್ಕು ಸಲ ಮುಟ್ಟುವವರನ್ನು ನಾವು ತರಬೇತಿಗೆ ಕರೆದೇ ಇರಲಿಲ್ಲ. ಈಗ ಮಾವ್ಶಿಯರಿಗೂ, ಸ್ಟ್ರೆಚರ್ ತಳ್ಳುವ ಮಾಮಾಗಳಿಗೂ ಮೊದಲ ಸಾಲಿನಲ್ಲಿ ಕುರ್ಚಿ.

ಕೇಳುವುದು ಒಂದು ಸಲಕ್ಕೆ ಮುಗಿಯುವುದಿಲ್ಲ. ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟರೆ ಅರ್ಧ ಗಂಟೆಯೊಳಗೆ, ಮಾತ್ರೆ ಕೊಟ್ಟರೆ ಒಂದು ಗಂಟೆಗೆ ಮತ್ತೆ ಹೋಗಿ ಕೇಳಬೇಕು. ಇದಕ್ಕೆ ದೊಡ್ಡ ಅಡ್ಡಿ ಚೀಟಿಯ ಮೇಲಿನ ಮೂರು ಅಕ್ಷರ, ಎಸ್‌ಒಎಸ್. ಬೇಕಾದಾಗ ಕೊಡಿ ಅಂತ ಅರ್ಥ. ಅಂದರೆ ರೋಗಿ ಬಾಯಿಬಿಟ್ಟು ಕೇಳಿದಾಗ. ಆರಾಮ ಅದೀನಿ ಅನ್ನುವವರಿಗೆ ಆ ಔಷಧಿ ಸಿಗುವುದೇ ಇಲ್ಲ. ದಿನವಿಡೀ ಇರುವ ನೋವಿಗೆ ಔಷಧಿಯೂ ದಿನವಿಡೀ ಇರಬೇಕು, ಹೊತ್ತು ಹೊತ್ತಿಗೆ. ನಡುವೆ ಉಕ್ಕುವ ನೋವಿಗೆ ಮಾತ್ರ ಎಸ್‌ಒಎಸ್. ರೆಸಿಡೆಂಟ್‌ಗಳ ಜೊತೆ ನಾನು ಜಾಸ್ತಿ ಜಗಳ ಆಡುವುದು ಈ ಒಂದು ವಿಷಯಕ್ಕೇ.

ಮಾರ್ಫಿನ್ ವಿಷಯ ಬಂದರೆ ತರಗತಿ ಮೌನವಾಗುತ್ತದೆ. ಚಟ ಹತ್ತುತ್ತದೆ, ಉಸಿರು ನಿಲ್ಲುತ್ತದೆ ಅನ್ನುವ ಎರಡು ಭಯ ಡಾಕ್ಟರ್‌ಗಳಿಗೂ ಇವೆ. ನಾನು ಭಯ ಬೇಡ ಅನ್ನುವುದಿಲ್ಲ, ಏನು ನೋಡಬೇಕು ಅಂತ ಹೇಳುತ್ತೇನೆ. ಉಸಿರು ನಿಧಾನವಾಗುವ ಮೊದಲು ಮಂಪರು ಜಾಸ್ತಿಯಾಗುತ್ತದೆ. ಹೆಸರು ಹಿಡಿದು ಕರೆದರೆ ಓಗೊಡುತ್ತಾರಾ ನೋಡಿ. ಕಿಡ್ನಿ ಸರಿಯಿಲ್ಲದವರಲ್ಲಿ ಇನ್ನೂ ಹುಷಾರು. ನಾಲ್ಕು ಗಂಟೆಗೊಮ್ಮೆ ಕೊಡುವ ಮಾತ್ರೆಯ ಜೊತೆ ಮಲಬದ್ಧತೆಗೂ ಮೊದಲ ದಿನದಿಂದಲೇ ಮಾತ್ರೆ ಬರೆಯಿರಿ. ವಾಕರಿಕೆ, ತೂಕಡಿಕೆ ಕೆಲವೇ ದಿನದಲ್ಲಿ ಕಡಿಮೆಯಾಗುತ್ತವೆ, ಮಲಬದ್ಧತೆ ಹೋಗುವುದಿಲ್ಲ. ಅದನ್ನು ಮರೆತರೆ ರೋಗಿಯೇ ಮಾರ್ಫಿನ್ ಬೇಡ ಅನ್ನುತ್ತಾರೆ.

ನನಗೆ ನಿಜವಾಗಿ ನೋವಾಗುವುದು ಬೇರೆ. ಮಾರ್ಫಿನ್ ತಯಾರಾಗುವುದು ಅಫೀಮಿನಿಂದ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುತ್ತಾರೆ, ಹೊರದೇಶಗಳಿಗೂ ಹೋಗುತ್ತದೆ. ನಮ್ಮದೇ ರೋಗಿಗೆ ಮಾತ್ರ ಎಷ್ಟೋ ಊರುಗಳಲ್ಲಿ ಮಾರ್ಫಿನ್ ಮಾತ್ರೆ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಹಲವು ಲೈಸೆನ್ಸ್‌ಗಳಿಗೆ ಹೆದರಿ ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯಿಂದ ನಿಯಮ ಸುಲಭವಾಗಿದೆ, ಮಾನ್ಯತೆ ಪಡೆದ ಆಸ್ಪತ್ರೆ ಇಟ್ಟುಕೊಳ್ಳಬಹುದು. ಆದರೂ ಅಲ್ಲಿನ ಡಾಕ್ಟರ್ ಬರೆಯಲು ಕಲಿತಿರಬೇಕಲ್ಲ. ಮುಂಬೈಯಲ್ಲಿ ಇರುವವರಿಗೆ ದಾರಿ ಇದೆ. ದೇಶದ ಮೊದಲ ಹಾಸ್ಪಿಸ್, ಅಂದರೆ ಗುಣವಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆ, ಶಾಂತಿ ಅವೇದನಾ ಸದನ 1986ರಲ್ಲಿ ಶುರುವಾಗಿದ್ದು ಇಲ್ಲೇ ಬಾಂದ್ರಾದಲ್ಲಿ. ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಹತ್ತಿ ಕರ್ನಾಟಕಕ್ಕೆ ವಾಪಸ್ ಹೋಗುವವರ ಕತೆ ಹಾಗಲ್ಲ. ಅದಕ್ಕೆ ಡಿಸ್ಚಾರ್ಜ್ ಮಾಡುವ ಮೊದಲು ಕೇಳಲು ಒಂದು ಪ್ರಶ್ನೆ ಸೇರಿಸಿದ್ದೇನೆ. ಈ ಮಾತ್ರೆ ನಿಮ್ಮೂರಿನ ಹತ್ತಿರ ಎಲ್ಲಿ ಸಿಗುತ್ತದೆ? ಗೊತ್ತಿಲ್ಲ ಅಂದರೆ ನಾವೇ ಫೋನ್ ಮಾಡಿ ಹುಡುಕಿ, ಮುಂದಿನ ಭೇಟಿಯವರೆಗೆ ಸಾಲುವಷ್ಟು ಲೆಕ್ಕ ಹಾಕಿ ಕೊಟ್ಟು ಕಳಿಸಬೇಕು.

ಕಳೆದ ತಿಂಗಳು ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದ ಒಬ್ಬ ಹಿರಿಯರು ಹಾಗೆ ಹೊರಟರು. ಸೊಲ್ಲಾಪುರದವರೆಗೆ ರೈಲು, ಅಲ್ಲಿಂದ ಊರಿಗೆ ಬಸ್ಸು. ಎರಡು ದಿನ ಬಿಟ್ಟು ನಾನೇ ಮಗನಿಗೆ ಫೋನ್ ಮಾಡಿದೆ. ಅವನು ಅಪ್ಪನ ಕೈಗೆ ಕೊಟ್ಟ.

"ಆರಾಮ ಅದೀನ್ರಿ ಅಕ್ಕಾರ."

"ಬಸ್ಸಿನಲ್ಲಿ ಕುಲುಕುವಾಗ ಎಷ್ಟಿತ್ತು ಯಜಮಾನರೇ?"

ಸ್ವಲ್ಪ ಹೊತ್ತು ಮಾತಿಲ್ಲ. "ಹನ್ನೆರಡಾಣೆ ಇತ್ರಿ" ಅಂದರು.

ಫೋನನ್ನು ಮತ್ತೆ ಮಗನಿಗೆ ಕೊಡಿಸಿದೆ. ಚೀಟಿಯ ಕೆಳಗೆ ಬರೆದ ಹೆಚ್ಚುವರಿ ಮಾತ್ರೆ ಇದೆಯಲ್ಲ, ಮುಂದಿನ ಸಲ ಬಸ್ ಹತ್ತುವ ಅರ್ಧ ಗಂಟೆ ಮೊದಲೇ ಕೊಡು ಅಂದೆ. ಅವನು ಪೆನ್ನು ಹುಡುಕಿ ಬರೆದುಕೊಂಡ.