ಒಬ್ಬರಿಗೆ ಎಷ್ಟು ಕಡತ?

ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವರ ತಿಂಗಳ ಸಭೆಯಲ್ಲಿ ಮೊದಲು ಕೇಳಿಬರುವುದು ಯಾರ ಬಳಿ ಎಷ್ಟು ಕಡತ, ಅಂದರೆ ಎಷ್ಟು ಮಕ್ಕಳ ಪ್ರಕರಣ, ಬಾಕಿಯಿದೆ ಎಂಬ ಲೆಕ್ಕ. ತುಮಕೂರಿನಂಥ ಹತ್ತು ತಾಲ್ಲೂಕುಗಳ ಜಿಲ್ಲೆಯಲ್ಲಿ ಆ ಸಂಖ್ಯೆಯಿಂದ ಕೆಲಸದ ಹೊರೆ ತಿಳಿಯುವುದಿಲ್ಲವೆಂಬುದು ನನ್ನ ಅಭಿಪ್ರಾಯ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗುವನ್ನು, ಪ್ರಯಾಣದ ಅವಧಿ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು; ಮಗುವಿನ ಮನೆ, ಪರಿಸರ ವಿಚಾರಿಸುವ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ನಗರದ ಬಡಾವಣೆಯೊಂದರ ಮನೆಗೆ ಬೆಳಿಗ್ಗೆ ಹೋದವರು ಮಧ್ಯಾಹ್ನ ವರದಿ ಬರೆಯಲು ಕೂರಬಹುದು. ಪಾವಗಡದ ಗಡಿಹಳ್ಳಿಯಾದರೆ ಮಧುಗಿರಿ ದಾಟಿ ಸುಮಾರು 100 ಕಿಲೋಮೀಟರ್ ಹೋಗಬೇಕು. ಮನೆಯಲ್ಲಿರುವ ಅಜ್ಜಿಗೆ ಬರುವುದು ತೆಲುಗು, ತಂದೆ ದುಡಿಯಲು ಹೋಗಿರುವುದು ಆಂಧ್ರಕ್ಕೆ, ಅಲ್ಲಿನ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಬರೆದು ಉತ್ತರಕ್ಕಾಗಿ ಕಾಯಬೇಕು. ಎರಡೂ ಪಟ್ಟಿಯಲ್ಲಿ ಒಂದೊಂದು ಕಡತವೇ.

ಮನೆ ಭೇಟಿಯೆಂದರೆ ಪಡಿತರ ಚೀಟಿ, ಆಧಾರ್ ನೋಡಿ ಸಹಿ ಹಾಕಿಸಿಕೊಂಡು ಬರುವುದಲ್ಲ. ರಾತ್ರಿ ಮಗುವಿನ ಜೊತೆ ಯಾರಿರುತ್ತಾರೆ, ಕುಡಿದು ಬರುವವರಿದ್ದಾರೆಯೇ, ಶಾಲೆ ಬಿಟ್ಟದ್ದು ಯಾವಾಗ ಎಂಬುದೆಲ್ಲ ಅಂಗನವಾಡಿ ಕಾರ್ಯಕರ್ತೆ, ಮುಖ್ಯ ಶಿಕ್ಷಕರು, ಪಕ್ಕದ ಮನೆಯವರು ಇವರೆಲ್ಲರನ್ನೂ ಮಾತನಾಡಿಸಿದ ಮೇಲೆಯೇ ಗೊತ್ತಾಗುತ್ತದೆ. ಇದಕ್ಕೆ ಸಮಯ ಸಿಗದಿದ್ದಾಗ ಪ್ರತಿ ಮಗುವಿಗೆ ಏನು ಮಾಡಬೇಕೆಂದು ಬರೆಯುವ ವೈಯಕ್ತಿಕ ಆರೈಕೆ ಯೋಜನೆಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ. ‘ಆಪ್ತಸಮಾಲೋಚನೆ ನೀಡುವುದು, ಶಿಕ್ಷಣ ಮುಂದುವರಿಸುವುದು’ ಎಂಬ ಸಾಲು ಐದು ಮಕ್ಕಳ ಯೋಜನೆಯಲ್ಲೂ ಅಕ್ಷರ ಬದಲಾಗದೆ ಬಂದಿದ್ದರೆ, ಮೇಲಧಿಕಾರಿಗಳು ಬರೆದವರಿಗೆ ನೋಟಿಸು ಕೊಡುವ ಮೊದಲು ಅವರ ದಿನಚರಿ ತರಿಸಿ ನೋಡುವುದು ಒಳ್ಳೆಯದು.

ಅಜ್ಜಿಯ ಬಳಿಯೇ ಮಗು ಉಳಿಯಲಿ ಎಂದು ತೀರ್ಮಾನವಾದರೂ ಕೆಲಸ ಮುಗಿಯುವುದಿಲ್ಲ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ, ಮಗುವನ್ನು ಕುಟುಂಬದಲ್ಲೇ ಉಳಿಸಿಕೊಳ್ಳಲು ಕೊಡುವ ಪ್ರಾಯೋಜಕತ್ವದ ನೆರವಾಗಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ; ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಖಾತೆಗೆ ಬ್ಯಾಂಕು ಎಂದು ವಯಸ್ಸಾದ ಅಜ್ಜಿಯ ಜೊತೆ ಅಲೆಯುವುದು ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ.

ಆದ್ದರಿಂದ ಹೊಸ ಪ್ರಕರಣ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಅಡಿ ಸಾಕ್ಷ್ಯದ ದಿನಾಂಕವಿರುವ ಪ್ರಕರಣ, ದೂರದ ತಾಲ್ಲೂಕಿನ ಪ್ರಕರಣ ಇವಕ್ಕೆ ಹೆಚ್ಚು ಅಂಕ ಕೊಟ್ಟು, ಕಡತದ ಬದಲು ಅಂಕ ನೋಡಿ ಹಂಚಬೇಕು. ಕೊರಟಗೆರೆ, ಮಧುಗಿರಿ, ಪಾವಗಡದ ಭೇಟಿಗಳನ್ನು ಒಬ್ಬರಿಗೇ ವಹಿಸಿ, ವಾರದಲ್ಲಿ ಒಂದು ದಿನವನ್ನು ವರದಿ ಬರೆಯಲೆಂದೇ ಬಿಡಬೇಕು. ಗುತ್ತಿಗೆ ಮುಗಿದು ಹೋಗುವವರು ಹೊಸಬರನ್ನು ಒಮ್ಮೆಯಾದರೂ ಆ ಮನೆಗಳಿಗೆ ಕರೆದೊಯ್ದು ಮಕ್ಕಳಿಗೆ ಪರಿಚಯಿಸುವ ದಿನಗಳನ್ನೂ ಈ ಲೆಕ್ಕದಲ್ಲೇ ಸೇರಿಸಬೇಕು.