ಸಿಗರೇಟ್ ಬಿಟ್ಟವರ ಶುಗರ್ ಔಷಧಿಯ ಡೋಸ್ ಕೂಡ ನೋಡಬೇಕು

ನಾನು ಶುಗರ್ ಕ್ಲಿನಿಕ್‌ನಲ್ಲಿ ನರ್ಸ್. ಇನ್ಸುಲಿನ್ ಚುಚ್ಚಿಕೊಳ್ಳೋದು, ಮೀಟರ್‌ನಲ್ಲಿ ಶುಗರ್ ನೋಡಿಕೊಳ್ಳೋದು ಹೇಗೆ ಅಂತ ಹೇಳಿಕೊಡೋದೇ ನನ್ನ ಕೆಲಸ. "ಸಿಸ್ಟರ್, ಸಿಗರೇಟ್ ಬಿಟ್ಬಿಟ್ಟೆ" ಅಂತ ಯಾರಾದರೂ ಹೇಳಿದರೆ ನನಗೆ ನಿಜವಾಗಲೂ ಖುಷಿಯಾಗುತ್ತದೆ. ಅದರ ಬೆನ್ನಿಗೇ ಕೇಳುತ್ತೇನೆ: ಯಾವ ಮಾತ್ರೆ ನುಂಗ್ತಿದ್ದೀರಿ, ಇನ್ಸುಲಿನ್ ಎಷ್ಟು ಯೂನಿಟ್?

ಸಿಗರೇಟಿನಲ್ಲಿರುವ ನಿಕೋಟಿನ್ ಒಳಗೆ ಹೋದಾಗ ಅಡ್ರಿನಲಿನ್‌ನಂಥ ಹಾರ್ಮೋನುಗಳು ಏರುತ್ತವೆ, ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಚರ್ಮದ ಕೆಳಗಿನ ರಕ್ತನಾಳಗಳು ಬಿಗಿಯಾಗುವುದರಿಂದ ಚುಚ್ಚಿಕೊಂಡ ಇನ್ಸುಲಿನ್ ರಕ್ತಕ್ಕೆ ಸೇರುವುದೂ ನಿಧಾನ. ಹಾಗಾಗಿ ಸೇದುವವರಿಗೆ ಸಾಮಾನ್ಯವಾಗಿ ಡೋಸ್ ಜಾಸ್ತಿ ಬೇಕಾಗುತ್ತದೆ. ಸೇದೋದು ನಿಂತ ಕೆಲವು ವಾರಗಳಲ್ಲಿ ದೇಹ ಇನ್ಸುಲಿನ್‌ಗೆ ಮೊದಲಿಗಿಂತ ಚೆನ್ನಾಗಿ ಸ್ಪಂದಿಸಲು ಶುರು ಮಾಡುತ್ತದೆ. ಡೋಸ್ ಮಾತ್ರ ಹಳೆಯದೇ ಇರುತ್ತದೆ. ಆಗ ಶುಗರ್ ಇಳಿದುಬಿಡಬಹುದು.

ಒಬ್ಬರನ್ನು ಅವರ ಹೆಂಡತಿ ಕರೆದುಕೊಂಡು ಬಂದಿದ್ದರು. ರಾತ್ರಿ ಇನ್ಸುಲಿನ್, ಬೆಳಿಗ್ಗೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಇತ್ತು. "ಸಿಗರೇಟ್ ಬಿಟ್ಟಾಗಿಂದ ಸುಮ್ನೆ ರೇಗ್ತಾರೆ ಸಿಸ್ಟರ್, ಬೆವರ್ತಾರೆ, ಕೈ ನಡುಗುತ್ತೆ. ಚಟ ಬಿಟ್ರೆ ಹಾಗೇ ಅಂತ ಎಲ್ಲರೂ ಹೇಳಿದ್ರು" ಅಂದರು ಆಕೆ. ಆಗಲೂ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. ಬೆರಳು ಚುಚ್ಚಿ ನೋಡಿದೆ. ಮೀಟರ್ 58 ತೋರಿಸಿತು. 70ಕ್ಕಿಂತ ಕೆಳಗೆ ಹೋದರೇ ಲೋ ಶುಗರ್. ತಕ್ಷಣ 15 ಗ್ರಾಂ ಗ್ಲೂಕೋಸ್ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿದೆವು. ಏರಿತ್ತು. ಡಾಕ್ಟರ್ ಅವತ್ತೇ ಡೋಸ್ ಇಳಿಸಿದರು.

ರೇಗುವುದು, ಹಸಿವು, ತಲೆನೋವು, ಗಮನ ನಿಲ್ಲದಿರುವುದು ನಿಕೋಟಿನ್ ಬಿಟ್ಟಾಗಲೂ ಆಗುತ್ತದೆ, ಶುಗರ್ ಇಳಿದಾಗಲೂ ಆಗುತ್ತದೆ. ನೋಡಿ ಹೇಳಲು ನನಗೂ ಆಗುವುದಿಲ್ಲ. ಮೀಟರ್ ಒಂದೇ ದಾರಿ. ಅದಕ್ಕೇ ಬಿಟ್ಟ ಹೊಸದರಲ್ಲಿ ದಿನಕ್ಕೆ ಇನ್ನೂ ಕೆಲವು ಸಲ ಜಾಸ್ತಿ ನೋಡಿಕೊಳ್ಳಿ ಅಂತ ಹೇಳುತ್ತೇನೆ, ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತೆಗೆದುಕೊಳ್ಳುವವರಿಗಂತೂ ಒತ್ತಿ ಹೇಳುತ್ತೇನೆ. ಬರೀ ಮೆಟ್‌ಫಾರ್ಮಿನ್ ನುಂಗುವವರಿಗೆ ಈ ಭಯ ತುಂಬಾ ಕಡಿಮೆ.

ಕೆಲವರಲ್ಲಿ ಉಲ್ಟಾ ಆಗುತ್ತದೆ. ಬಾಯಿ ರುಚಿ ಮರಳುತ್ತದೆ, ಕೈ ತಿಂಡಿ ಕಡೆ ಹೋಗುತ್ತದೆ, ತೂಕ ಏರುತ್ತದೆ. ಮೊದಲ ವರ್ಷ ನಾಲ್ಕೈದು ಕಿಲೋ ಏರುವುದು ಅಪರೂಪವೇನಲ್ಲ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) ಕೂಡ ಸ್ವಲ್ಪ ದಿನ ಮೇಲೆ ಹೋಗಬಹುದು. ರಿಪೋರ್ಟ್ ಹಿಡಿದು "ಸೇದ್ತಿದ್ದಾಗಲೇ ಚೆನ್ನಾಗಿತ್ತು ಅಲ್ವಾ?" ಅಂತ ಕೇಳಿದವರೂ ಇದ್ದಾರೆ. ಇಲ್ಲ. ಶುಗರ್ ಇರುವವರಿಗೆ ಹೊಗೆಯಿಂದ ಹೃದಯ, ಕಿಡ್ನಿ, ಕಾಲಿನ ರಕ್ತನಾಳಕ್ಕೆ ಆಗುವ ಹಾನಿಯ ಮುಂದೆ ಆ ಏರಿಕೆ ಚಿಕ್ಕದು, ಅದಕ್ಕೆ ಊಟ, ನಡಿಗೆ, ಔಷಧಿಯಿಂದ ದಾರಿಯಿದೆ.

ನಿಕೋಟಿನ್ ಗಮ್, ಪ್ಯಾಚ್ ಬಳಸುವವರ ಮೈಯಲ್ಲಿ ನಿಕೋಟಿನ್ ಇನ್ನೂ ಇರುತ್ತದೆ. ಅದನ್ನು ನಿಲ್ಲಿಸುವಾಗ ಇನ್ನೊಮ್ಮೆ ಶುಗರ್ ಗಮನಿಸಬೇಕು. ಚಟ ಬಿಡಲು ಬುಪ್ರೊಪಿಯಾನ್ ಬರೆಸಿಕೊಳ್ಳುವವರು ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಇದೆ ಅಂತ ಮೊದಲೇ ಹೇಳಬೇಕು, ಇವು ಜೊತೆಗಿದ್ದಾಗ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ.

ಈಗ ಫೈಲ್ ಮೇಲೆ ಸಿಗರೇಟ್ ಬಿಟ್ಟ ತಾರೀಖನ್ನೂ ಬರೆಯುತ್ತೇನೆ. ಮತ್ತೆ ಸೇದಿದ್ದರೆ ಅದನ್ನೂ ಹೇಳಿ ಅನ್ನುತ್ತೇನೆ, ಬೈಯೋದಕ್ಕಲ್ಲ. ಮನೆಯಲ್ಲೇ ಹಳೇ ಡೋಸ್‌ಗೆ ಹೋಗಬೇಡಿ, ಡಾಕ್ಟರ್ ಲೆಕ್ಕ ಹಾಕಿ ಹೇಳುತ್ತಾರೆ.