ಟೆಸ್ಟೋಸ್ಟೆರಾನ್ ಶೀಟ್ ಎಲ್ಲಿಗೆ ಬಂತು ಅಂದ್ರೆ

ಶೀಟ್ ಏನಾಯ್ತು ಅಂತ ವಾಕಿಂಗ್ ಗ್ಯಾಂಗಿನವರು ದಿನಾ ಕೇಳ್ತಿದಾರೆ, ಒಬ್ಬೊಬ್ರಿಗೂ ಹೇಳೋ ಬದ್ಲು ಒಂದೇ ಸಲ ಬರ್ದುಬಿಡ್ತೀನಿ. ಹೊಸಬರಿಗೆ ಹಿನ್ನೆಲೆ: ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತೋ ನಮ್ಮ ಗುಂಪಲ್ಲಿ ಎಲ್ರೂ ಐವತ್ತೈದು ದಾಟಿದೋರು. ಒಬ್ಬರಿಗೆ ಮಗ ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಬುಕ್ ಮಾಡ್ಸಿದ್ದ, ಅದ್ರಲ್ಲಿ ಟೆಸ್ಟೋಸ್ಟೆರಾನ್, ಅಂದ್ರೆ ಗಂಡಸರ ಹಾರ್ಮೋನ್ ಟೆಸ್ಟ್ ಕೂಡ ಸೇರ್ಕೊಂಡಿತ್ತು, ರಿಪೋರ್ಟಲ್ಲಿ ಆ ಸಾಲು ಮಾತ್ರ ದಪ್ಪಕ್ಷರದಲ್ಲಿ ಬಂತು, ಅಲ್ಲಿಂದ ಶುರುವಾಯ್ತು ನೋಡಿ. ಆಮೇಲೆ ಒಬ್ರಾದ್ಮೇಲೆ ಒಬ್ರು ಮಾಡಿಸ್ಕೊಂಡು ಬಂದು, ಬೆಂಚ್ ಮೇಲೆ ಕೂತು ಫೋನ್ ಮುಂದೆ ಹಿಡ್ದು "ಸಾರ್, ನಂದೂ ಕಮ್ಮಿ ಇದ್ಯಂತೆ, ಇಂಜೆಕ್ಷನ್ ತಗೋಬೇಕಾ?" ಅನ್ನೋದು. ನಾನು ಡಾಕ್ಟರಲ್ಲ, ಫ್ಯಾಕ್ಟರಿಲಿ ಇನ್‌ಸ್ಟ್ರುಮೆಂಟೇಶನ್ ನೋಡ್ಕೊಂಡಿದ್ದೋನು. ಆದ್ರೆ ಮೀಟರ್ ಏನೋ ಎಡವಟ್ಟು ರೀಡಿಂಗ್ ಕೊಡ್ತಿದೆ ಅಂದ್ರೆ ಮೊದ್ಲು ಮೀಟರನ್ನ ನೋಡು, ಆಮೇಲೆ ಪೈಪ್ ಬಿಚ್ಚು ಅನ್ನೋದು ಮೂವತ್ತು ವರ್ಷದ ಅಭ್ಯಾಸ, ಅದು ಬಿಡಲ್ಲ. ಹಂಗಾಗಿ ಒಂದು ಗೂಗಲ್ ಶೀಟ್. ರಿಪೋರ್ಟಲ್ಲಿರೋ ನಂಬರ್ ಹಾಕಿದ್ರೆ ಡಾಕ್ಟರ್ ಹತ್ರ ಏನು ಕೇಳ್ಬೇಕು ಅಂತ ಹೇಳ್ಬೇಕು, ಅಷ್ಟೇ ಉದ್ದೇಶ.

ಯೂನಿಟ್ ಗಲಾಟೆ

ಮೊದಲ ತಲೆನೋವು ಇದೇ. ಒಂದು ಲ್ಯಾಬ್ ಡೆಸಿಲೀಟರ್‌ಗೆ ಇಷ್ಟು ನ್ಯಾನೋಗ್ರಾಂ ಅಂತ ಕೊಡುತ್ತೆ, ಇನ್ನೊಂದು ಮಿಲಿಲೀಟರ್‌ಗೆ ಅಂತ ಕೊಡುತ್ತೆ, ಫಾರಿನ್‌ನಲ್ಲಿ ಮಗಳ ಮನೆಗೆ ಹೋದಾಗ ಮಾಡಿಸ್ಕೊಂಡವರ ರಿಪೋರ್ಟ್ ಲೀಟರ್‌ಗೆ ಇಷ್ಟು ನ್ಯಾನೋಮೋಲ್ ಅಂತ. 320, 3.2, 11.1, ಮೂರೂ ಒಂದೇ ಅಳತೆ! ನ್ಯಾನೋಮೋಲನ್ನ 28.84ರಿಂದ ಗುಣಿಸಿದ್ರೆ ಡೆಸಿಲೀಟರ್ ಲೆಕ್ಕ ಬರುತ್ತೆ. ನಂಬರ್ ಸೈಜ್ ನೋಡಿ ಶೀಟೇ ಯೂನಿಟ್ ಊಹೆ ಮಾಡ್ಲಿ ಅಂತ ನಮ್ಮ ಗುಂಪಲ್ಲಿರೋ ಬ್ಯಾಂಕಿನವರು ಐಡಿಯಾ ಕೊಟ್ರು, ಆದ್ರೆ ಅದಾಗಲ್ಲ, ಯಾಕಂದ್ರೆ ಯಾರಾದ್ರೂ ಬರೀ 9 ಅಂತ ಹಾಕಿದ್ರೆ ಅದು ಮಿಲಿಲೀಟರ್ ಲೆಕ್ಕದ್ದಾದ್ರೆ 900, ಹುಡುಗರ ಥರ ಇದೆ ಅಂತರ್ಥ, ನ್ಯಾನೋಮೋಲ್ ಆದ್ರೆ ಬರೀ 260. ಹಂಗಾಗಿ ಯೂನಿಟ್ ಆರಿಸ್ದೇ ಮುಂದಕ್ಕೆ ಹೋಗೋ ಹಂಗೇ ಇಲ್ಲ, ಡ್ರಾಪ್‌ಡೌನ್ ಕಡ್ಡಾಯ ಮಾಡಿದೀನಿ.

ಟೈಮ್ ಕಾಲಂ, ಇದೇ ಶೀಟಿನ ಜೀವ

ಟೆಸ್ಟೋಸ್ಟೆರಾನ್ ಬೆಳಿಗ್ಗೆ ಜಾಸ್ತಿ ಇರುತ್ತೆ, ಸಂಜೆಗೆ ಇಳಿಯುತ್ತೆ. ಮೂವತ್ತು ನಲವತ್ತರ ವಯಸ್ಸಿನವರಲ್ಲಿ ಬೆಳಿಗ್ಗೆ 8ಕ್ಕೂ ಸಂಜೆ 4ಕ್ಕೂ 20ರಿಂದ 25% ವ್ಯತ್ಯಾಸ, ಎಪ್ಪತ್ತಕ್ಕೆ ಬರೋ ಹೊತ್ತಿಗೆ ಅದು ಸುಮಾರು 10%ಗೆ ಇಳಿದಿರುತ್ತೆ. ಇದನ್ನ ಹೇಳಿದ ತಕ್ಷಣ ನಮ್ಮ ಮೇಷ್ಟ್ರು "ಹಂಗಾದ್ರೆ ನಮಗೆಲ್ಲ ಟೈಮ್ ಲೆಕ್ಕಕ್ಕಿಲ್ಲ ಬಿಡಿ" ಅಂದ್ರು. ಲೆಕ್ಕಕ್ಕಿದೆ ಮೇಷ್ಟ್ರೇ, ಬಾರ್ಡರಲ್ಲಿ ಇರೋನಿಗೆ 10% ಅಂದ್ರೆ ಪಾಸು ಫೇಲು. ಅದೂ ಅಲ್ದೆ ಟೈಮಿಗಿಂತ ದೊಡ್ಡ ವಿಷಯ ಹೊಟ್ಟೆ. ಗ್ಲುಕೋಸ್ ಕುಡಿದ್ರೆ ಟೆಸ್ಟೋಸ್ಟೆರಾನ್ ಸುಮಾರು ಕಾಲು ಭಾಗ ಇಳಿಯುತ್ತೆ, ಇದು ಅಳೆದು ನೋಡಿರೋ ವಿಷಯ. ನಮ್ಮವರ ದಿನಚರಿ ಗೊತ್ತಲ್ಲ, ವಾಕಿಂಗ್ ಮುಗಿಸಿ, ಹೋಟ್ಲಿಗೆ ಹೋಗಿ ಎರಡು ಇಡ್ಲಿ ಒಂದು ವಡೆ, ಮೇಲೆ ಸಕ್ಕರೆ ಹಾಕಿದ ಕಾಫಿ, ಪೇಪರ್ ಓದಿ, ಹನ್ನೊಂದಕ್ಕೆ ಆರಾಮಾಗಿ ಲ್ಯಾಬಿಗೆ ಹೋಗಿ ಕೈ ಚಾಚೋದು. ಆ ರಿಪೋರ್ಟ್ ಹಿಡ್ಕೊಂಡು ಗಂಡಸ್ತನ ಹೋಯ್ತು ಅಂತ ಕೂರೋದು.

ಡಾಕ್ಟರ್‌ಗಳ ಗೈಡ್‌ಲೈನ್ ಸ್ಪಷ್ಟವಾಗೇ ಇದೆ, ಬೆಳಿಗ್ಗೆ, ಖಾಲಿ ಹೊಟ್ಟೆ, ಕಮ್ಮಿ ಬಂದ್ರೆ ಇನ್ನೊಂದು ದಿನ ಮತ್ತೆ ಅದೇ ಥರ. ಮೊದಲ ಸಲ ಕಮ್ಮಿ ಬಂದವರಲ್ಲಿ ಸುಮಾರು 30% ಜನಕ್ಕೆ ಎರಡನೇ ಸಲ ನಾರ್ಮಲ್ ಬರುತ್ತೆ. ಇಷ್ಟು ಅಲ್ಲಾಡೋ ರೀಡಿಂಗನ್ನ ಒಂದೇ ಸಲ ತಗೊಂಡು ನಿರ್ಧಾರ ಮಾಡೋದನ್ನ ನಮ್ಮ ಪ್ಲಾಂಟಲ್ಲಿ ಮಾಡಿದ್ರೆ ಮೆಮೋ ಕೊಡ್ತಿದ್ರು.

ಹಂಗಾಗಿ ಶೀಟಲ್ಲಿ ಮೊದಲ ಮೂರು ಪ್ರಶ್ನೆ ನಂಬರ್ ಬಗ್ಗೆ ಅಲ್ವೇ ಅಲ್ಲ. ರಕ್ತ ಎಷ್ಟೊತ್ತಿಗೆ ಕೊಟ್ರಿ, ತಿಂಡಿ ತಿಂದಿದ್ರಾ, ಹಿಂದಿನ ಕೆಲವು ವಾರದಲ್ಲಿ ಜ್ವರಾನೋ ಆಸ್ಪತ್ರೆ ವಾಸಾನೋ ಇತ್ತಾ. ಕಾಯಿಲೆ ಬಿದ್ದಾಗ ದೇಹ ಈ ಹಾರ್ಮೋನನ್ನ ತಾನೇ ಇಳಿಸುತ್ತೆ, ಆಗ ಅಳೆಯೋದ್ರಲ್ಲಿ ಅರ್ಥ ಇಲ್ಲ. ಈ ಮೂರರಲ್ಲಿ ಒಂದು ತಪ್ಪಿದ್ರೂ ಮುಂದಿನ ಲೆಕ್ಕ ಮಾಡಲ್ಲ, "ಸರಿಯಾಗಿ ಮತ್ತೆ ಕೊಡಿ" ಅಂತ ಬರುತ್ತೆ. ಸೆಕ್ಯುರಿಟಿ ಕೆಲಸದಲ್ಲಿ ನೈಟ್ ಡ್ಯೂಟಿ ಮಾಡೋರೊಬ್ಬರು ಇದಾರೆ ನಮ್ಮಲ್ಲಿ, ಅವರಿಗೆ ಬೆಳಿಗ್ಗೆ ಅಂದ್ರೆ ನಿದ್ದೆ ಮಾಡಿ ಎದ್ದ ಹೊತ್ತು, ಅದಕ್ಕೊಂದು ಟಿಕ್ ಬಾಕ್ಸ್ ಸೇರ್ಸಿದೆ.

ಆಮೇಲೆ ಬಯೋಟಿನ್. ಕೂದಲು ಉದುರೋದಕ್ಕೆ ಅಂತ ತಿನ್ನೋ ಮಾತ್ರೆ. ಕೆಲವು ಮೆಷಿನ್‌ಗಳು ಟೆಸ್ಟ್ ಮಾಡೋಕೇ ಬಯೋಟಿನ್ ಬಳಸ್ತವೆ, ರಕ್ತದಲ್ಲಿ ಅದೇ ಜಾಸ್ತಿ ಇದ್ರೆ ಟೆಸ್ಟೋಸ್ಟೆರಾನ್ ಸುಳ್ಳೇ ಜಾಸ್ತಿ ತೋರಿಸ್ಬಹುದು. ಬೋಳುತಲೆಯವರೇ ಜಾಸ್ತಿ ಇರೋ ಗುಂಪಲ್ಲಿ ಈ ಪ್ರಶ್ನೆ ಬೇಕಾ ಅಂತ ನಕ್ಕರು, ಆದ್ರೂ ಇಟ್ಟಿದೀನಿ.

ಫ್ರೀ ಲೆಕ್ಕ ಕೂತಿದ್ದು

ಈ ಭಾಗ ಮಾಡೋವಾಗ ತುಂಬಾ ಖುಷಿ ಸಿಕ್ತು. ರಕ್ತದಲ್ಲಿರೋ ಟೆಸ್ಟೋಸ್ಟೆರಾನಲ್ಲಿ ನಿಜವಾಗ್ಲೂ ಬಿಡಿಯಾಗಿ ಓಡಾಡೋದು ನೂರಕ್ಕೆ ಒಂದೆರಡು ಭಾಗ ಅಷ್ಟೇ. ಉಳಿದಿದ್ದು ಎರಡು ಪ್ರೋಟೀನ್‌ಗೆ ಅಂಟ್ಕೊಂಡಿರುತ್ತೆ, ಎಸ್‌ಎಚ್‌ಬಿಜಿ ಅನ್ನೋದಕ್ಕೆ ಗಟ್ಟಿಯಾಗಿ, ಆಲ್ಬುಮಿನ್‌ಗೆ ಸಡಿಲವಾಗಿ. ಬ್ಯಾಂಕಿನವರು ತಕ್ಷಣ ಹಿಡ್ಕೊಂಡ್ರು: ಎಸ್‌ಎಚ್‌ಬಿಜಿ ಹತ್ರ ಇರೋದು ಎಫ್‌ಡಿ, ಆಲ್ಬುಮಿನ್ ಹತ್ರ ಇರೋದು ಎಸ್‌ಬಿ ಅಕೌಂಟು, ಫ್ರೀ ಅಂದ್ರೆ ಜೇಬಲ್ಲಿರೋ ಕ್ಯಾಶು. ಸರಿಯಾಗೇ ಇದೆ. ವಯಸ್ಸಾದಂಗೆ ಎಸ್‌ಎಚ್‌ಬಿಜಿ ಏರುತ್ತೆ, ಅಂದ್ರೆ ಟೋಟಲ್ ಹಂಗೇ ಇದ್ರೂ ಕೈಗೆ ಸಿಗೋದು ಕಮ್ಮಿ. ಹೊಟ್ಟೆ ಬಂದೋರಲ್ಲಿ, ಶುಗರ್ ಇರೋರಲ್ಲಿ ಉಲ್ಟಾ, ಎಸ್‌ಎಚ್‌ಬಿಜಿ ಇಳಿಯುತ್ತೆ, ಟೋಟಲ್ ಕಮ್ಮಿ ಕಂಡ್ರೂ ಫ್ರೀ ಚೆನ್ನಾಗೇ ಇರ್ಬಹುದು.

ಫ್ರೀಯನ್ನ ನೇರವಾಗಿ ಅಳೆಯೋ ಅಗ್ಗದ ಕಿಟ್‌ಗಳನ್ನ ನಂಬಬೇಡಿ ಅಂತ ಗೈಡ್‌ಲೈನೇ ಹೇಳುತ್ತೆ. ಬದ್ಲಿಗೆ 1999ರಲ್ಲಿ ವರ್ಮೂಲೆನ್ ಅನ್ನೋ ಬೆಲ್ಜಿಯಂ ವಿಜ್ಞಾನಿ ಮತ್ತೆ ಅವರ ಜೊತೆಗಾರರು ಕೊಟ್ಟ ಸೂತ್ರ ಇದೆ. ನೋಡೋಕೆ ಭಯಂಕರ, ಬಿಚ್ಚಿದ್ರೆ ಪಿಯುಸಿ ಕ್ವಾಡ್ರಾಟಿಕ್. ಆಲ್ಬುಮಿನ್ ಡೆಸಿಲೀಟರ್‌ಗೆ 4.3 ಗ್ರಾಂ ಅಂತ ಹಿಡಿದು ಎಲ್ಲಾನೂ ನ್ಯಾನೋಮೋಲ್‌ಗೆ ತಂದ್ರೆ ಹಿಂಗಿರುತ್ತೆ: 23.4 ಇಂಟು ಎಕ್ಸ್ ಸ್ಕ್ವೇರ್, ಪ್ಲಸ್ (23.4 + ಎಸ್‌ಎಚ್‌ಬಿಜಿ − ಟೋಟಲ್) ಇಂಟು ಎಕ್ಸ್, ಮೈನಸ್ ಟೋಟಲ್, ಈಕ್ವಲ್ ಟು ಸೊನ್ನೆ. ಆ ಎಕ್ಸೇ ಫ್ರೀ. ಟೋಟಲ್ 15, ಎಸ್‌ಎಚ್‌ಬಿಜಿ 40 ಹಾಕಿ ಪೆನ್ನು ಪೇಪರಲ್ಲಿ ಲೆಕ್ಕ ಹಾಕ್ದೆ, 0.274 ಬಂತು, ಶೀಟೂ ಅದನ್ನೇ ಕೊಡ್ತು, ಅವತ್ತು ಎರಡು ಕಾಫಿ.

ಆಮೇಲೆ ಒಂದು ಆಟ ಆಡ್ದೆ. ಇಬ್ಬರು ಕಾಲ್ಪನಿಕ ವ್ಯಕ್ತಿಗಳು, ಇಬ್ಬರಿಗೂ ಟೋಟಲ್ 320, ಅಂದ್ರೆ 11.1 ನ್ಯಾನೋಮೋಲ್. ಒಬ್ಬ ಹೊಟ್ಟೆ ಇರೋ ಶುಗರ್ ಪೇಶೆಂಟ್, ಎಸ್‌ಎಚ್‌ಬಿಜಿ 18. ಇನ್ನೊಬ್ಬ ಎಪ್ಪತ್ತೆರಡರ ಸಣಕಲು ತಾತ, ಎಸ್‌ಎಚ್‌ಬಿಜಿ 70. ಮೊದಲನೆಯವನ ಫ್ರೀ ಸುಮಾರು 298 ಪಿಕೋಮೋಲ್ (ಸಾವಿರ ಪಿಕೋಮೋಲ್ ಅಂದ್ರೆ ಒಂದು ನ್ಯಾನೋಮೋಲ್), ತಾತಂದು 130! ರಿಪೋರ್ಟಲ್ಲಿ ಇಬ್ಬರಿಗೂ ಒಂದೇ ನಂಬರು, ಒಳಗಡೆ ಅರ್ಧಕ್ಕರ್ಧ ವ್ಯತ್ಯಾಸ. ಇದನ್ನ ಫೋನಲ್ಲಿ ತೋರಿಸಿದ್ಮೇಲೇ ಗುಂಪಲ್ಲಿ ನಂಬರ್ ಹೋಲಿಸ್ಕೊಳ್ಳೋ ಚಟ ಸ್ವಲ್ಪ ಕಮ್ಮಿ ಆಯ್ತು.

ಕೆಂಪು ಬಣ್ಣ ಬೇಡ ಅಂತ ತೀರ್ಮಾನ

ಎಷ್ಟಕ್ಕಿಂತ ಕೆಳಗೆ ಬಂದ್ರೆ ಕೆಂಪು ಅಂತ ಎಲ್ರೂ ಕೇಳ್ತಾರೆ. ಅಮೆರಿಕದ ಯೂರಾಲಜಿಯವರ 2018ರ ಗೈಡ್‌ಲೈನಲ್ಲಿ ಡೆಸಿಲೀಟರ್ ಲೆಕ್ಕದಲ್ಲಿ 300. ಅದೇ ವರ್ಷದ ಎಂಡೋಕ್ರೈನ್ ಸೊಸೈಟಿ, ಅಂದ್ರೆ ಹಾರ್ಮೋನ್ ತಜ್ಞರ ಸಂಘದವರದ್ದರಲ್ಲಿ 264, ಅದೂ 19ರಿಂದ 39 ವಯಸ್ಸಿನ, ಬೊಜ್ಜಿಲ್ಲದ ಹುಡುಗರನ್ನ ಅಳೆದು ತೆಗ್ದಿದ್ದು, ಮೇಲಿನ ತುದಿ 916. ಯುರೋಪಿನ ದೊಡ್ಡ ಅಧ್ಯಯನದಲ್ಲಿ 11 ನ್ಯಾನೋಮೋಲ್, ಅಂದ್ರೆ ಹತ್ತಿರ ಹತ್ತಿರ 320. ಈಗ 310 ಬಂದೋರು ಒಂದು ಕಡೆ ಸರಿ, ಇನ್ನೊಂದು ಕಡೆ ಕಮ್ಮಿ. ಮೇಲಿಂದ ಮೆಷಿನ್ ವ್ಯತ್ಯಾಸ ಬೇರೆ, ಮಾಮೂಲಿ ಲ್ಯಾಬಿನ ಇಮ್ಯುನೊಅಸ್ಸೇ ಅನ್ನೋ ವಿಧಾನ ಕೆಳಗಿನ ಮಟ್ಟದಲ್ಲಿ ಅಷ್ಟು ನಿಖರ ಅಲ್ಲ, ಮಾಸ್ ಸ್ಪೆಕ್ಟ್ರೋಮೆಟ್ರಿ ಅನ್ನೋ ವಿಧಾನ ಮೇಲು, ಅದು ಎಲ್ಲ ಕಡೆ ಇರಲ್ಲ, ಇದ್ರೂ ದುಬಾರಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಇದಕ್ಕಂತಲೇ ಕ್ಯಾಲಿಬ್ರೇಶನ್ ಥರದ ಒಂದು ಪ್ರೋಗ್ರಾಂ ನಡೆಸುತ್ತೆ ಅಂತ ಓದಿದಾಗ ನನಗೆ ನಮ್ಮವರೇ ಸಿಕ್ಕಷ್ಟು ಸಂತೋಷ ಆಯ್ತು. ಹಂಗಾಗಿ ಕೆಂಪು ಹಸಿರು ಎರಡೂ ತೆಗೆದುಹಾಕಿ, ಬೂದು ಬಣ್ಣದಲ್ಲಿ ಬರೀ ಮಾತು.

ಸಿಂಪ್ಟಮ್ ಭಾಗ ಮಾತ್ರ ಇನ್ನೂ ಕುಂಟ್ತಿದೆ. ಆ ಯುರೋಪ್ ಅಧ್ಯಯನ 2010ರಲ್ಲಿ ಹೇಳಿದ್ದೇನಂದ್ರೆ, ಸುಸ್ತು, ಬೇಜಾರು, ನಿದ್ದೆ ಸರಿಯಿಲ್ಲ, ಇವೆಲ್ಲ ಎಲ್ರಿಗೂ ಇರುತ್ತೆ, ಹಾರ್ಮೋನ್ ಜೊತೆ ಗಟ್ಟಿಯಾಗಿ ಹೊಂದೋದು ಮೂರೇ: ಬೆಳಿಗ್ಗೆ ಏಳೋವಾಗಿನ ನಿಮಿರುವಿಕೆ ಕಮ್ಮಿ ಆಗೋದು, ಆಸೆ ಕಮ್ಮಿ ಆಗೋದು, ಬೇಕಾದಾಗ ನಿಮಿರುವಿಕೆ ಆಗ್ದೇ ಇರೋದು. ಮೂರೂ ಇದ್ದು, ಟೋಟಲ್ 11 ನ್ಯಾನೋಮೋಲ್‌ಗಿಂತ ಕಮ್ಮಿ, ಫ್ರೀ 220 ಪಿಕೋಮೋಲ್‌ಗಿಂತ ಕಮ್ಮಿ ಇದ್ರೆ ಮಾತ್ರ ವಯಸ್ಸಾದ್ದರಿಂದ ಬಂದ ಹಾರ್ಮೋನ್ ಕೊರತೆ ಅಂತ ಹಿಡಿದ್ರು. 40ರಿಂದ 79ರ ಗಂಡಸರಲ್ಲಿ ಹಂಗೆ ಸಿಕ್ಕಿದ್ದು ಸುಮಾರು 2% ಅಷ್ಟೇ! ಟಿವಿ ಜಾಹೀರಾತು ನೋಡಿದ್ರೆ ಊರಿಗೆ ಊರೇ ಕೊರತೆ ಅನ್ಸುತ್ತೆ. ನಮ್ಮ ಶೀಟಲ್ಲಿ ಸುಸ್ತು ಕಾಲಂ ಎಲ್ಲರೂ ತುಂಬಿದಾರೆ, ಈ ಮೂರು ಕಾಲಂ ಎಲ್ಲರೂ ಖಾಲಿ ಬಿಟ್ಟಿದಾರೆ. ಎದುರಾಎದುರು ಕೇಳಿದ್ರೆ "ಅದೆಲ್ಲ ಈ ವಯಸ್ಸಲ್ಲಿ ಯಾಕೆ ಬಿಡಿ ಸಾರ್" ಅನ್ನೋದು. ಅರೆ, ಅದೇ ಅಲ್ವಾ ಮುಖ್ಯ! ಅದೂ ಅಲ್ದೆ ನಿಮಿರುವಿಕೆ ತೊಂದರೆ ಹೃದಯದ ರಕ್ತನಾಳ ಕೆಡ್ತಿರೋದಕ್ಕೆ ಮುಂಚಿನ ಸೂಚನೆಯೂ ಆಗಿರ್ಬಹುದು, ನಾಚ್ಕೊಂಡು ಮುಚ್ಚಿಡೋ ವಿಷಯ ಅಲ್ಲ. ಈಗ ಆ ಮೂರನ್ನ ಬೇರೆ ಟ್ಯಾಬಿಗೆ ಹಾಕಿ, ಪ್ರಿಂಟ್ ತಗೊಂಡು ಡಾಕ್ಟರ್ ಕೈಗೆ ಮಾತ್ರ ಕೊಡೋ ಹಂಗೆ ಮಾಡ್ತಿದೀನಿ.

ಎಲ್‌ಎಚ್ ಕಾಲಂ ಸಣ್ಣದು, ಆದ್ರೆ ಬೇಕು. ಟೆಸ್ಟೋಸ್ಟೆರಾನ್ ಮಾಡು ಅಂತ ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಹೋಗೋ ಆರ್ಡರ್ ಅದು. ಎಲ್‌ಎಚ್ ಜಾಸ್ತಿ ಇದ್ದೂ ಟೆಸ್ಟೋಸ್ಟೆರಾನ್ ಕಮ್ಮಿ ಅಂದ್ರೆ ವೃಷಣದಲ್ಲೇ ತೊಂದರೆ, ಎಲ್‌ಎಚ್ಚೂ ಏರಿಲ್ಲ ಅಂದ್ರೆ ಮೇಲೆ ನೋಡ್ಬೇಕು, ಬೊಜ್ಜು, ಶುಗರ್, ಪ್ರೆಡ್ನಿಸೋಲೋನ್ ಥರದ ಸ್ಟೀರಾಯ್ಡ್ ಮಾತ್ರೆ, ಓಪಿಯಾಯ್ಡ್ ನೋವಿನ ಮಾತ್ರೆ, ಅಪರೂಪಕ್ಕೆ ಪಿಟ್ಯುಟರಿ ಗಡ್ಡೆ. ನಮ್ಮಲ್ಲಿ ಹೆಚ್ಚಿನವರದ್ದು ಹೊಟ್ಟೆ ಕೇಸು. ತೂಕ ಚೆನ್ನಾಗಿ ಇಳಿಸಿದ್ರೆ ಟೆಸ್ಟೋಸ್ಟೆರಾನ್ ತಾನಾಗೇ ಏರುತ್ತೆ ಅಂದಿದ್ದಕ್ಕೆ ಒಬ್ಬರು ವಡೆ ಬಿಟ್ಟಿದಾರೆ, ಇಡ್ಲಿ ಮೂರಾಗಿದೆ.

ಚಿಕಿತ್ಸೆ ಬಗ್ಗೆ ಶೀಟ್ ಏನೂ ಹೇಳಲ್ಲ, ಆದ್ರೆ ಕೇಳೋರಿಗೆ ಓದಿದ್ದನ್ನ ಹೇಳ್ತೀನಿ. 2016ರಲ್ಲಿ ಬಂದ ಅಮೆರಿಕದ ಟ್ರಯಲ್‌ಗಳಲ್ಲಿ 65 ದಾಟಿದ, 275ಕ್ಕಿಂತ ಕಮ್ಮಿ ಇದ್ದ 790 ಜನಕ್ಕೆ ಒಂದು ವರ್ಷ ಟೆಸ್ಟೋಸ್ಟೆರಾನ್ ಇರೋ ಜೆಲ್ ಇಲ್ಲಾ ಔಷಧಿಯಿಲ್ಲದ ಬರೀ ಜೆಲ್ ಕೊಟ್ಟು ನೋಡಿದ್ರು, ಲೈಂಗಿಕ ಆಸಕ್ತಿ ಸ್ವಲ್ಪ ಮಟ್ಟಿಗೆ ಸುಧಾರಿಸ್ತು, ಸುಸ್ತು ಹೋಗಿ ಚೈತನ್ಯ ಬರುತ್ತೆ ಅನ್ನೋದು ಮಾತ್ರ ಸಾಬೀತಾಗ್ಲಿಲ್ಲ. 2023ರ ಟ್ರಾವರ್ಸ್ ಅನ್ನೋ ಟ್ರಯಲ್‌ನಲ್ಲಿ ಹೃದಯದ ರಿಸ್ಕ್ ಇರೋ ಐದು ಸಾವಿರಕ್ಕೂ ಜಾಸ್ತಿ ಜನ. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ತೊಂದರೆಯಿಂದ ಸಾವು, ಮೂರೂ ಸೇರಿ ಔಷಧಿ ತಗೊಂಡವರಲ್ಲಿ 7.0%, ಬರೀ ಜೆಲ್ ಹಚ್ಕೊಂಡವರಲ್ಲಿ 7.3%, ಅಂದ್ರೆ ಅದು ಹೆಚ್ಚಾಗ್ಲಿಲ್ಲ. ಆದ್ರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶಕ್ಕೆ ರಕ್ತ ಹೆಪ್ಪು ಹೋಗಿ ಕೂರೋದು, ಕಿಡ್ನಿ ತೊಂದರೆ, ಇವು ಔಷಧಿ ತಗೊಂಡವರಲ್ಲಿ ಜಾಸ್ತಿ. ಮೂಳೆ ಗಟ್ಟಿ ಆಗುತ್ತೆ ಅಂದ್ಕೊಂಡಿದ್ರೆ ಮೂಳೆ ಮುರಿತವೂ ಅವರಲ್ಲೇ ಜಾಸ್ತಿ ಬಂತು, ಇದು ನನಗೆ ಇನ್ನೂ ಆಶ್ಚರ್ಯ.

ಅಂದಹಾಗೆ ಇದು ಹೊಸ ಹುಚ್ಚಲ್ಲ, 1889ರಲ್ಲಿ ಪ್ಯಾರಿಸ್ಸಲ್ಲಿ ಬ್ರೌನ್ ಸೆಕಾರ್ ಅನ್ನೋ 72ರ ಪ್ರೊಫೆಸರ್ ನಾಯಿ, ಗಿನಿಪಿಗ್‌ಗಳ ವೃಷಣದ ರಸ ತನಗೇ ಚುಚ್ಕೊಂಡು ಯೌವನ ವಾಪಸ್ ಬಂತು ಅಂತ ಘೋಷಣೆ ಮಾಡಿದ್ರು. ಆ ರಸದಲ್ಲಿ ಹಾರ್ಮೋನ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. 1935ರಲ್ಲಷ್ಟೇ ಟೆಸ್ಟೋಸ್ಟೆರಾನನ್ನ ಹೋರಿ ವೃಷಣದಿಂದ ಬೇರೆ ಮಾಡಿ ಹೆಸರಿಟ್ಟಿದ್ದು.

ಸದ್ಯ ಮಾಡ್ತಿರೋದು ಫಾಲೋಅಪ್ ಟ್ಯಾಬ್. ಗುಂಪಲ್ಲಿ ಒಬ್ಬರಿಗೆ ಎರಡು ಸಲ ಬೆಳಗಿನ ಟೆಸ್ಟಲ್ಲೂ ಕಮ್ಮಿ ಬಂದು, ಎಂಡೋಕ್ರೈನಾಲಜಿಸ್ಟ್ ನೋಡಿ ಜೆಲ್ ಶುರು ಮಾಡಿದಾರೆ, ಅವರಿಗೆ ಹಿಮ್ಯಾಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣ ಎಷ್ಟು ಪರ್ಸೆಂಟ್ ಅನ್ನೋದು), ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ), ಬಿಪಿ ಬರ್ಕೊಳ್ಳೋಕೆ ಜಾಗ ಬೇಕು. ರಕ್ತ ದಪ್ಪ ಆಗಿ ಹಿಮ್ಯಾಟೋಕ್ರಿಟ್ 54 ದಾಟಿದ್ರೆ ಔಷಧಿ ನಿಲ್ಲಿಸಿ ನೋಡ್ಬೇಕು, ಅಲ್ಲಿ ಮಾತ್ರ ಕೆಂಪು ಬಣ್ಣ ವಾಪಸ್ ತಂದಿದೀನಿ. ಜೆಲ್ ಹಚ್ಚಿದ ಜಾಗ ಮುಚ್ಕೊಂಡು ಕೈ ತೊಳೆದು ಆಮೇಲೆ ಮೊಮ್ಮಕ್ಕಳನ್ನ ಎತ್ಕೊಳ್ಳಿ ಅನ್ನೋ ಸಾಲೂ ಮೇಲೆ ದಪ್ಪಗೆ ಇದೆ, ಮಕ್ಕಳ ಚರ್ಮಕ್ಕೆ ಅಂಟೋದು ನಿಜವಾದ ಅಪಾಯ. ಇನ್ನು ಉಳಿದಿರೋದು ಆಲ್ಬುಮಿನ್. ಎಲ್ರಿಗೂ 4.3 ಹಿಡಿಯೋದು ಆರೋಗ್ಯವಾಗಿರೋರಿಗೆ ಸರಿ, ಲಿವರ್ರೋ ಕಿಡ್ನಿಯೋ ತೊಂದರೆ ಇದ್ದೋರಿಗೆ ಅವರದ್ದೇ ನಂಬರ್ ಬೇಕು. ಲಿವರ್ ಫಂಕ್ಷನ್ ಟೆಸ್ಟಲ್ಲಿ ಅದು ಇದ್ದೇ ಇರುತ್ತೆ, ಹಳೇ ಫೈಲ್ ಹುಡುಕಿ ಭಾನುವಾರ ಬೆಂಚಿಗೆ ತನ್ನಿ, ಒಂದೊಂದಾಗಿ ಹಾಕಿ ನೋಡೋಣ.